ದೊಡ್ಡಮ್ಮನ ಮಡುವಿನ ಬಿಳಿಮೀನು

ಜರಗನಹಳ್ಳಿ
೧೯ ಆಗಸ್ಟ್ ೨೦೨೪, ಸೋಮವಾರ

ಅಣ್ಣ ಮಾರಯ್ಯನಿಗೆ ತಂಗಿ ಅಂಕಮ್ಮನ ನಮಸ್ಕಾರ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಸುಮ್ಮನಿದ್ದದ್ದು ತಪ್ಪು, ಬಯ್ಯಬೇಡ. ಫೋನ್ ಮಾಡೋಣವೆಂದರೆ ನಿಮ್ಮ ಹೊಳೆ ದಡದಲ್ಲಿ ಸಿಗ್ನಲ್ ಇಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಶ್ರಾವಣವಾದ್ದರಿಂದ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಮೀನು ಕೇಳುವವರಿಲ್ಲ. ಬೆಳಿಗ್ಗೆ ಜೋಡಿಸಿದ್ದನ್ನು ಸಾಯಂಕಾಲ ಮತ್ತೆ ಐಸ್ ಡಬ್ಬಕ್ಕೇ ತುಂಬುತ್ತೇನೆ.

ನೀನು ಹೇಳಿದಂತೆ ಜಯನಗರದಲ್ಲಿ ಮೀನುಗಾರಿಕೆ ಇಲಾಖೆಯವರು ಕರೆದಿದ್ದ ಸಭೆಗೆ ಹೋಗಿದ್ದೆ. ದೊಡ್ಡಮ್ಮನ ಮಡುವಿನಿಂದ ಮೇಲೆ ಎರಡು ಮೈಲಿ, ಕೆಳಗೆ ಎರಡು ಮೈಲಿ ಯಾರೂ ಬಲೆ ಹಾಕಬಾರದು ಎಂಬ ಆರ್ಡರನ್ನು ಸಡಿಲ ಮಾಡಿ ಎಂದು ಕೇಳಲು. ಎಸಿ ರೂಮು, ಗೋಡಂಬಿ ಬಿಸ್ಕತ್ತು. ಹೊಳೆಯ ಕಡೆಯವಳು ನಾನೊಬ್ಬಳೇ. ಮೀನಿನ ವಾಸನೆ ಬರದಿರಲಿ ಎಂದು ಎರಡು ಸಲ ಸೋಪು ಉಜ್ಜಿ ಸ್ನಾನ ಮಾಡಿಕೊಂಡು ಹೋಗಿದ್ದೆ. ಆ ನನ್ನ ಬುದ್ಧಿಗೆ ಈಗ ನನಗೇ ಸಿಟ್ಟು ಬರುತ್ತದೆ.

ಇಲಾಖೆಯ ಸಾಹೇಬರು ಮರ್ಯಾದೆಯಿಂದಲೇ ಮಾತಾಡಿದರು. ಅದೇ ಕಷ್ಟ, ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಸಾರ್, ಮೀನು ಮೊಟ್ಟೆ ಇಡೋ ಎರಡು ತಿಂಗ್ಳು ನಮ್ಮಣ್ಣ ಹರಿಗೋಲು ಬೋರಲು ಹಾಕ್ಬಿಡ್ತಾನೆ. ದೊಡ್ಡಮ್ಮನ ಮಡು ದೇವರದ್ದು ಅಂತ ನಮ್ಮ ತಾತನ ಕಾಲದಿಂದ ಅಲ್ಲಿ ಯಾರೂ ಬಲೆ ಬಿಟ್ಟಿಲ್ಲ. ಕೆಳಗಡೆ ಮದ್ದು ಸಿಡಿಸಿ ಮೀನು ಸಾಯಿಸ್ತಾರಲ್ಲ, ಅವ್ರನ್ನ ಹಿಡೀರಿ" ಎಂದೆ.

"ನೀವು ಹೇಳೋದೆಲ್ಲ ನಿಜ ಅಮ್ಮ. ಆದ್ರೆ ಕೆಳಗಡೆ ಈಗ ಮೀನೇ ಇಲ್ಲ, ಕಾಪಾಡೋಕೆ ಏನಿದೆ? ಬಿಳಿಮೀನು ಉಳ್ದಿರೋದು ನಿಮ್ಮ ಮಡೂನಲ್ಲೇ. ಅದಕ್ಕೇ ಅಲ್ಲಿ ಬ್ಯಾನ್."

ನಾವು ಉಳಿಸಿದ್ದೇ ತಪ್ಪಾಯಿತೇ ಅಣ್ಣ? ಹಾಗೆಂದು ಆ ಮೀನು ಹಾಳಾಗಿ ಹೋಗಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಡು ಬಿಟ್ಟು ಉಳಿದ ಕಡೆ, ಮಳೆಗಾಲ ಕಳೆದ ಮೇಲೆ, ದೊಡ್ಡ ಕಣ್ಣಿನ ಬಲೆಗಾದರೂ ಅವಕಾಶ ಕೊಡಿ ಎಂದು ಕೇಳಿದೆ. "ಬರ್ದು ಕೊಡಿ, ನೋಡೋಣ" ಎಂದರು. ಬರೆದು ಕೊಟ್ಟು ಮೂರು ಸಲ ಆಫೀಸಿಗೆ ಅಲೆದೆ. ಫೈಲು ಮೇಲೆ ಹೋಗಿದೆಯಂತೆ. ಮೇಲೆ ಎಂದರೆ ಎಲ್ಲಿ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ.

ಮಡುವಿಗೆ ಕಾವಲುಗಾರರನ್ನು ಹಾಕುತ್ತಾರೆ ಎಂದು ಗೊತ್ತಾಗಿ ನಿನ್ನ ಹೆಸರು ಹೇಳಿದೆ. "ನಿಮ್ಮಣ್ಣ ಹತ್ತನೇ ಕ್ಲಾಸ್ ಪಾಸಾ?" ಎಂದು ಕೇಳಿದ ಗುಮಾಸ್ತ. ನಲವತ್ತು ವರ್ಷ ಸಂಬಳವಿಲ್ಲದೆ ಕಾದವನಿಗೆ ಈಗ ಮಾರ್ಕ್ಸ್ ಕಾರ್ಡ್ ಬೇಕಂತೆ. ಮೈಯೆಲ್ಲ ಉರಿದುಹೋಯಿತು.

ಹರಿಗೋಲು ಮಾರುತ್ತೇನೆ ಎಂದು ಬರೆದಿದ್ದೀಯ. ದೀಪಾವಳಿವರೆಗಾದರೂ ತಡೆದುಕೋ. ಅತ್ತಿಗೆಗೆ ಧೈರ್ಯ ಹೇಳು. ನಿನ್ನ ಮಗಳ ತಲೆ ಸವರಿ, ಅತ್ತೆ ಒಳ್ಳೆಯದಾಗಲಿ ಅಂದಳು ಎಂದು ಹೇಳು. ದೊಡ್ಡಮ್ಮ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಅಂಕಮ್ಮ

ವಿ.ಸೂ.: ಮಡುವಿನ ವಿಷಯ ಇಲಾಖೆಯವರಿಗೆ ಯಾರು ಹೇಳಿದರು ಎಂದು ಕೇಳಿದ್ದೀಯ. ಹೋದ ವರ್ಷ ಮೀನಿನ ಬಗ್ಗೆ ಓದುವ ಇಂದ್ರಾಣಿ ಎಂಬ ಹುಡುಗಿ ಅಂಗಡಿಗೆ ಬಂದಿದ್ದಳು. "ಬಿಳಿಮೀನು ಎಲ್ಲೂ ಉಳ್ದಿಲ್ವಂತೆ, ಹೌದಾ ಆಂಟಿ?" ಎಂದಳು. "ನಮ್ಮಣ್ಣ ಇರೋವರ್ಗೂ ಅದಕ್ಕೇನೂ ಆಗಲ್ಲ" ಎಂದು ಜಂಬ ಕೊಚ್ಚಿಕೊಂಡು, ಮಡುವಿಗೆ ಹೋಗುವ ದಾರಿಯನ್ನೂ ಬರೆದುಕೊಟ್ಟೆ. ಅವಳ ರಿಪೋರ್ಟಿನ ಮೇಲೆಯೇ ಈ ಆರ್ಡರ್ ಆಗಿದೆ. ಅದರ ಕೊನೆಯಲ್ಲಿ ನನಗೆ ಧನ್ಯವಾದ ಹೇಳಿದ್ದಾಳೆ. ಬೇರೆಯವರ ಬಾಯಲ್ಲಿ ನೀನು ಕೇಳುವುದು ಬೇಡ ಎಂದು ಬರೆದೆ. ಎಷ್ಟು ಬೇಕಾದರೂ ಬಯ್ಯಿ ಅಣ್ಣ, ಮಾತು ಮಾತ್ರ ಬಿಡಬೇಡ.