ಬ್ರೈಡಿಯ ಬಾಲಂಗೋಚಿ

ನೆವಾರ್ಕ್, ಕ್ಯಾಲಿಫೋರ್ನಿಯಾ
ಬುಧವಾರ, ೧೬ ಏಪ್ರಿಲ್ ೨೦೨೫

ಮುಂದಿನ ಸಾಲಿನಲ್ಲಿ ಮೀಸೆ ತಿರುವುತ್ತ ಕುಳಿತ ಗಣ್ಯರೇ! ಚಾಪೆಯ ಮೇಲೆ ಕೂಸನ್ನು ತೊಡೆಗೆ ಹಾಕಿಕೊಂಡ ತಾಯಂದಿರೇ! ಟಿಕೀಟಿಲ್ಲದೆ ತಗಡಿನ ಸಂದಿಯಿಂದ ಇಣುಕುತ್ತಿರುವ ಮಹಾಶೂರರೇ! ಮೂರನೆಯ ಗಂಟೆಯಾಯಿತು, ಗದ್ದಲ ಬೇಡ!

ಇಷ್ಟೂ ಮಂದಿ ನೀನೊಬ್ಬಳೇ, ರತ್ನಾ. ಮದುವೆಯಾದಂದಿನಿಂದ ನಾಟಕ ಕಂಪನಿಯ ಯಾವ ಕ್ಯಾಂಪಿನಿಂದ ಬರೆದರೂ ನಿನಗೆ ಹೀಗೇ ಬರೆದಿದ್ದೇನೆ. ಇವತ್ತು ಮಾತ್ರ ಈ ನಾಲ್ಕು ಸಾಲು ಬರೆಯಲು ಬೆಳಗಿನಿಂದ ಮಧ್ಯಾಹ್ನವಾಯಿತು. ಪರದೆ ಎದ್ದರೆ ನಿಂತಿರುವವನು ರಾಜನೂ ಅಲ್ಲ, ಹಾಸ್ಯಗಾರನೂ ಅಲ್ಲ. ಕಳ್ಳ.

ನಿನ್ನ ಅಕ್ಕನ ಮೊಣಕಾಲಿನ ಆಪರೇಷನ್ನಿಗೆಂದು ನೀನು ಗದಗಕ್ಕೆ ಹೋಗಿ ಆರು ವಾರ. ದಿನಾ ಫೋನು ಮಾಡುತ್ತೀಯ, ಮತ್ತೆ ಈ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನನ್ನ ದನಿ ಬರುತ್ತದೆ, ರತ್ನಾ. ದನಿ ಬಂದರೆ ನಟನೆ ಬರುತ್ತದೆ. ಹತ್ತು ದಿನದಿಂದ ನೀನು ಪಕ್ಕದ ಮನೆಯ ಬ್ರೈಡಿ ಹೇಗಿದ್ದಾಳೆ ಎಂದು ಕೇಳಿದಾಗಲೆಲ್ಲ ನೆಗಡಿ, ಪ್ರಾರ್ಥನೆ ನಿಂತಿದೆ ಎಂದೆ. ನೆಗಡಿ ಇಲ್ಲ. ಮೊನ್ನೆಯೂ ತೋಟದಲ್ಲಿ ನಿಂತು ನೆಟ್ಟಗೆ ನೀರು ಹಾಕುತ್ತಿದ್ದಳು. ನಾನು ನಮ್ಮ ಕಿಟಕಿಯ ಪರದೆಯ ಹಿಂದೆ ಅಡಗಿ ನೋಡಿದೆ. ಅರವತ್ತು ವರ್ಷ ಪರದೆಯ ಮುಂದೆ ನಿಂತವನು!

ನಮ್ಮ ಮಗಳು ಹರಿಪ್ರಿಯಾ ಈ ಮನೆ ಕೊಂಡಾಗ ಪಕ್ಕದಲ್ಲಿ ಇಬ್ಬರು ಐರಿಷ್ ಅಕ್ಕತಂಗಿಯರಿದ್ದರಲ್ಲ, ಬ್ರೈಡಿ ಮತ್ತು ಪೆಗ್. ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನರ್ಸುಗಳಾಗಿ ನಿವೃತ್ತರಾದವರು. ಸಂಜೆ ಆರೂವರೆಗೆ ಊಟ ಮುಗಿಸಿ, ಕುರ್ಚಿ ತಿರುಗಿಸಿ, ನೆಲಕ್ಕೆ ಮೊಣಕಾಲೂರಿ, ಕುರ್ಚಿಯ ಮೇಲೆ ಮೊಣಕೈಯಿಟ್ಟು ಜಪಮಣಿ ಎಣಿಸುತ್ತಿದ್ದರು. ಒಬ್ಬಳು ಅರ್ಧ ಹೇಳಬೇಕು, ಇನ್ನೊಬ್ಬಳು ಉಳಿದರ್ಧ ತುಂಬಬೇಕು. ಎರಡು ವರ್ಷದ ಹಿಂದೆ ಪೆಗ್ ಹೋದಳು. ಬೇಲಿಯಾಚೆಯಿಂದ ಉಳಿದರ್ಧ ಇಲ್ಲದ ಜಪವನ್ನು ಮೊದಲು ಗಮನಿಸಿದವಳು ನೀನು. ಒಳಗೆ ಬಂದು ನನ್ನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತೆ. “ಆ ಮುದುಕಿ ಅರ್ಧ ಹೇಳಿ ನಿಲ್ಲಸ್ತಾಳ್ರೀ. ಅರ್ಧ ತುಂಬಾಕ ಮಂದಿ ಇಲ್ಲ. ನಿಮ್ಮ ಗಂಟಲಾ ಏನು ಉಪ್ಪಿನಕಾಯಿ ಹಾಕಾಕ ಇಟ್ಟೀರೇನು?”

ಹೋದೆ. ಉಳಿದರ್ಧದ ಇಂಗ್ಲಿಷನ್ನು ಪಾತ್ರದ ಮಾತು ಕಲಿತ ಹಾಗೆ ಎರಡೇ ದಿನದಲ್ಲಿ ಬಾಯಿಪಾಠ ಮಾಡಿದೆ. ನಾನು ಲಿಂಗ ಕಟ್ಟಿದವನು, ನಿಮ್ಮ ಮೇರಿಯಮ್ಮನಿಗೆ ನನ್ನ ಉತ್ತರ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಬ್ರೈಡಿ ನಕ್ಕಳು. ಐರ್ಲೆಂಡಿನಲ್ಲಿ ಅವರ ಮೇಯೋ ಸೀಮೆಯ ಹಳ್ಳಿಯಲ್ಲಿ ಆ ಹೊತ್ತಿಗೆ ಯಾರು ಬಾಗಿಲಿಗೆ ಬಂದರೂ, ತಗಡಿನ ಪಾತ್ರೆ ಮಾರುವವನು ಬಂದರೂ, ಮೊಣಕಾಲೂರದೆ ಬಿಡುತ್ತಿರಲಿಲ್ಲವಂತೆ. ನೀನೂ ಹಾಗೇ ಬಂದವನು, ಕೂಡು ಎಂದಳು. ನನ್ನ ಮೊಣಕಾಲು ಊರಲಿಕ್ಕಾಗದು ಎಂದು ಕುರ್ಚಿಗೆ ದಿಂಬು ಹಾಕಿದಳು.

ಆಮೇಲೆ ಚಹಾ. ಚಹಾದ ಜೊತೆ ಕಥೆ. ಮಣ್ಣಿನೊಲೆಯ ಮನೆ, ಏಳು ಮಕ್ಕಳು, ಗೋಡೆಯ ಮೇಲೆ ಏಸುವಿನ ಹೃದಯದ ಪಟ, ಅದರ ಕೆಳಗೆ ಆರದ ಕೆಂಪು ದೀಪ. ರೊಟ್ಟಿ ಬೇಯಿಸುವ ಮುನ್ನ ಅದರ ನೆತ್ತಿಗೆ ಚಾಕುವಿನಿಂದ ಶಿಲುಬೆಯ ಗೆರೆ. ಅಪ್ಪ ಗುಡುಗಿನಂಥ ದನಿಯಲ್ಲಿ ಮೊದಲರ್ಧ ಹೇಳಿದರೆ, ಕುರ್ಚಿಗಳಿಗೆ ಮುಖ ಹುದುಗಿಸಿಕೊಂಡ ಮಕ್ಕಳು ಒಬ್ಬರ ಕಾಲು ಒಬ್ಬರು ಚಿವುಟುತ್ತ ಉಳಿದರ್ಧ ಹೇಳುವುದು. ನಗು ತಡೆಯಲಾರದವನ ತಲೆಗೆ ಅಪ್ಪನ ಟೋಪಿಯ ಏಟು. ಜಪ ಮುಗಿದರೂ ಏಳುವ ಹಾಗಿಲ್ಲ. ಅವ್ವನ ಬಾಲಂಗೋಚಿ ಶುರುವಾಗುತ್ತದೆ. ಅವಳು ಕರೆಯುತ್ತಿದ್ದ ಹೆಸರೇ ಬೇರೆ, ನಾನು ಬಾಲಂಗೋಚಿ ಎಂದೆ. ಗಾಳಿಪಟಕ್ಕಿಂತ ಉದ್ದದ ಬಾಲ. ಬಾಸ್ಟನ್ನಿಗೆ ಹೋಗಿ ಕಾಗದ ಬರೆಯದ ಮಾವನಿಗೊಂದು ಪ್ರಾರ್ಥನೆ, ಮೊಟ್ಟೆ ನಿಲ್ಲಿಸಿದ ಕೋಳಿಗೊಂದು, ಕುಡಿತ ಬಿಟ್ಟು ಮತ್ತೆ ಹಿಡಿದ ನೆರೆಯವನಿಗೊಂದು, ಸತ್ತವರಿಗೆಲ್ಲ ಒಂದೊಂದು. ಬ್ರೈಡಿ ಈಗಲೂ ಅದನ್ನು ಬಿಟ್ಟಿಲ್ಲ. ಕೊನೆಗೆ ಪೆಗ್‌ಳ ಹೆಸರು ಬರುವಾಗ ಅವಳ ದನಿ ಸ್ವಲ್ಪ ಸಣ್ಣದಾಗುತ್ತದೆ.

ಎಷ್ಟು ಚೆನ್ನಾಗಿ ಬರೆದೆ ನೋಡು. ಅದೇ ನನ್ನ ರೋಗ. ಕೇಳುವಾಗಲೇ ನನ್ನೊಳಗಿನ ನಟ ಬೆರಳು ಮಡಿಸಿ ಎಣಿಸುತ್ತಿದ್ದ: ಟೋಪಿಯ ಏಟು ಒಂದು, ಕೋಳಿ ಎರಡು.

ನೀನು ಹೋದ ಮೇಲೆ ಕನ್ನಡ ಕೂಟದ ಶಿವಪ್ರಕಾಶ್ ಬಂದ. ಯುಗಾದಿ ಫಂಕ್ಷನ್ನಿಗೆ ಹತ್ತು ನಿಮಿಷದ ಐಟಮು ಬೇಕು, ಸಾರ್, ಆದರೆ ಗದೆ ಬೇಡ ಎಂದ. ಹೋದ ವರ್ಷ ನಾನು ಗದೆ ಹಿಡಿದು ಘರ್ಜಿಸುವಾಗ ಸಭೆ ಫೋನು ನೋಡುತ್ತಿದ್ದದ್ದು ನಿನಗೆ ನೆನಪಿದೆ. ನನಗೆ ಪ್ರತಿ ದಿನ ನೆನಪಿದೆ. ಹೊಸದೊಂದಿದೆ, ನಗಿಸಿ ಕೊಲ್ಲುತ್ತೇನೆ ಎಂದುಬಿಟ್ಟೆ.

ಏಪ್ರಿಲ್ ಐದು, ಶನಿವಾರ. ವೇದಿಕೆಯ ಮೇಲೆ ನಾಲ್ಕು ಕುರ್ಚಿ ತಿರುಗಿಸಿ ಇಡಿಸಿದೆ. ಅಪ್ಪನಾಗಿ ಗುಡುಗಿದೆ, ಮಗನಾಗಿ ಚಿವುಟಿದೆ, ಟೋಪಿಯಿಂದ ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಸಭೆ ಉರುಳಿತು, ರತ್ನಾ! ಇನ್ನೂರೈವತ್ತು ಜನ! ಬಾಲಂಗೋಚಿಗೆ ಬಂದಾಗ ಒಂದೊಂದು ಹೆಸರಿಗೂ ಒಂದೊಂದು ಅಲೆ. ನಗುವಿಗೆ ಓಟ ಹತ್ತಿದರೆ ಯಾವ ಹೆಸರು ಎಂದು ಯಾರೂ ನೋಡುವುದಿಲ್ಲ. ಪೆಗ್‌ಳ ಹೆಸರಿಗೂ ನಕ್ಕರು. ಆ ಹೆಸರನ್ನು ಬ್ರೈಡಿಯ ಸಣ್ಣ ದನಿಯಲ್ಲೇ ಹೇಳಿದ್ದೆ.

ಆಗ ನೋಡಿದೆ. ಮೂರನೆಯ ಸಾಲಿನಲ್ಲಿ ನಮ್ಮ ಮೊಮ್ಮಗಳು ಭಾವನಾಳ ಪಕ್ಕ, ನೀನು ಕೊಟ್ಟ ಇಳಕಲ್ ಸೀರೆಯನ್ನು ಶಾಲಿನ ಹಾಗೆ ಹೊದ್ದು ಬ್ರೈಡಿ ಕುಳಿತಿದ್ದಳು. ಅಜ್ಜನ ಆ್ಯಕ್ಟಿಂಗು ನೋಡಲಿ ಎಂದು ಭಾವನಾಳೇ ಕರೆತಂದಿದ್ದಳಂತೆ, ನನಗೆ ಸರ್‌ಪ್ರೈಸು. ಕನ್ನಡ ಬಾರದವಳಿಗೆ ಕುರ್ಚಿಗಳು ತಿಳಿದವು. ಪ್ರಾರ್ಥನೆ ಅವಳದೇ ಭಾಷೆಯಲ್ಲಿತ್ತು. ನಗು ಯಾವ ಭಾಷೆಯದಾದರೇನು?

ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೂ ಎರಡು ನಿಮಿಷ ಆಡಿದೆ. ಕೊನೆಯಲ್ಲಿ ಚಪ್ಪಾಳೆ ಬೀಳುವುದಿತ್ತು.

ಅವಳೂ ಚಪ್ಪಾಳೆ ತಟ್ಟಿದಳು, ರತ್ನಾ. ಸಣ್ಣಗೆ, ಚರ್ಚಿನಲ್ಲಿ ತಟ್ಟಿದ ಹಾಗೆ.

ವಾಪಸು ಬರುವಾಗ ಫ್ರೀವೇಯುದ್ದಕ್ಕೂ ಕಾರಿನಲ್ಲಿ ಹರಿಪ್ರಿಯಾಳದೊಂದೇ ಮಾತು, ಪಾರ್ಕಿಂಗು, ಒಬ್ಬಟ್ಟು, ಮತ್ತೆ ಪಾರ್ಕಿಂಗು. ಬ್ರೈಡಿ ಇಳಿಯುವಾಗ ನನ್ನ ಕಡೆ ನೋಡಿ, ಟೋಪಿಯ ಏಟು ಸರಿಯಾಗಿತ್ತು, ಅಪ್ಪನನ್ನೇ ನೋಡಿದ ಹಾಗಾಯಿತು ಎಂದಳು. ಥ್ಯಾಂಕ್ಸು ಎಂದೆ ನಾನು! ಹೊಗಳಿಕೆ ಎಂದುಕೊಂಡೆ, ಮೂರ್ಖ. ಅವಳ ಬಾಗಿಲು ಮುಚ್ಚಿದ ಮೇಲೆ ಭಾವನಾ ಹೇಳಿದಳು: “ಅಜ್ಜಾ, ಶೀ ವಾಸ್ ಹೋಲ್ಡಿಂಗ್ ಹರ್ ಬೀಡ್ಸ್. ದ ಹೋಲ್ ಟೈಮ್.” ಇಡೀ ಹೊತ್ತು ಸೀರೆಯ ಕೆಳಗೆ ಜಪಮಣಿ ಹಿಡಿದು ಕುಳಿತಿದ್ದಳಂತೆ.

ಮರುದಿನ ಆರೂವರೆಗೆ ಅವಳು ಎಂದಿನಂತೆ ನನ್ನನ್ನು ಕರೆಯಲು ನಮ್ಮ ಅಡಿಗೆಮನೆಯ ಕಿಟಕಿ ತಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಹೋದ ಶುಕ್ರವಾರ ಬೇಲಿಯ ಹತ್ತಿರ ಹೋಗಿ ನಿಂತೆ. ಒಳಗೆ ಮೊದಲರ್ಧ ಕೇಳಿಸಿತು. ಆಮೇಲೆ ಉಳಿದರ್ಧದಷ್ಟು ಹೊತ್ತು ಸುಮ್ಮನೆ. ಮತ್ತೆ ಮೊದಲರ್ಧ. ನನಗೆ ಒಂದೊಂದು ಅಕ್ಷರವೂ ಬರುತ್ತದೆ, ಮೂರು ಬೀದಿಗೆ ಕೇಳುವ ಗಂಟಲಿದೆ, ಬಾಯಿ ತೆರೆಯಲಾಗಲಿಲ್ಲ. ಇದು ಅವಳ ವ್ರತದ ಕಾಲ ಬೇರೆ. ನಲವತ್ತು ದಿನ ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾಳೆ. ಜೊತೆಗೆ ನನ್ನನ್ನೂ ಬಿಟ್ಟಳು.

ಬಣ್ಣದ ಪೆಟ್ಟಿಗೆಗೆ ಕಾಲು ತಾಗಿದರೆ ಕೆನ್ನೆ ಬಡಿದುಕೊಂಡವನು ನಾನು. ಕಾಯಿ ಒಡೆಯದೆ ಒಂದು ದಿನ ರಂಗಕ್ಕೆ ಹತ್ತಿದವನಲ್ಲ. ಯಾರಾದರೂ ಅದನ್ನು ಆಡಿ ತೋರಿಸಿ ನಗಿಸಿದ್ದರೆ ಗದೆ ಎತ್ತುತ್ತಿದ್ದೆ, ತಗಡಿನದಾದರೂ ಸರಿ. ನಿನ್ನೆ ಶಿವಪ್ರಕಾಶ್ ಫೋನು ಮಾಡಿದ್ದ. ವಿಡಿಯೋ ಹಾಕುತ್ತೇವೆ, ಸಾರ್, ಲಾಸ್ ಆಲ್ಟೋಸ್ ಊರಿನವರೂ ಕೇಳುತ್ತಿದ್ದಾರೆ ಎಂದ. ಅಳಿಸಿಬಿಡು ಎಂದೆ. ಅಯ್ಯೋ ಸಾರ್, ಹಿಟ್ಟಾಗಿದೆ ಎಂದ. ನಾನು ಕೂಗಲಿಲ್ಲ, ರತ್ನಾ. ಮೆಲ್ಲಗೆ ಇನ್ನೊಮ್ಮೆ ಅಳಿಸು ಎಂದೆ. ಆಗ ಅವನಿಗೆ ಹೆದರಿಕೆಯಾಗಿರಬೇಕು, ಆಗಲಿ ಎಂದ.

ಬರುವ ತಿಂಗಳು ನೀನು ಬಂದು ನೇರ ಅವಳ ಮನೆಗೇ ಹೋಗುತ್ತೀಯ. ಅವಳು ಏನೂ ಹೇಳುವುದಿಲ್ಲ, ಅದು ಗೊತ್ತು. ಹಾಗಾದರೆ ನನ್ನ ಸುಳ್ಳು ಉಳಿದುಬಿಡುತ್ತದೆ. ಆ ಹೆದರಿಕೆಗೇ ಈ ಕಾಗದ.

ನಿನ್ನ,
ದೇವೇಂದ್ರಪ್ಪ

ತಾ.ಕ.: ಯೋಚಿಸದೆ ಆಡಿದೆ, ನಗುವಿನ ಅಮಲು ಎಂದು ಮೊದಲು ಬರೆದಿದ್ದೆ. ಆ ಹಾಳೆ ಹರಿದು ಹಾಕಿದೆ. ಬ್ರೈಡಿಯ ಬಾಲಂಗೋಚಿಯಲ್ಲಿ ಪೆಗ್‌ಳ ನಂತರ ಇನ್ನೂ ಒಂದು ಹೆಸರಿದೆ. ಹನ್ನೊಂದು ತಿಂಗಳು ನಮ್ಮ ಮಡಿಲಲ್ಲಿದ್ದು ಹೋದ ಸತ್ಯವತಿ. ಕೂಸಿನ ಹೆಸರು ಬ್ರೈಡಿಗೆ ನೀನೇ ಹೇಳಿದ್ದೆಯಂತೆ. ಎರಡು ವರ್ಷದಿಂದ ಒಂದು ಸಂಜೆಯೂ ತಪ್ಪಿಸದೆ, ನಾಲಿಗೆ ಹೊರಳದಿದ್ದರೂ, ಅವಳು ನಮ್ಮ ಮಗುವಿಗಾಗಿ ಬೇಡಿದ್ದಾಳೆ. ವೇದಿಕೆಯ ಮೇಲೆ ಆ ಹೆಸರೊಂದನ್ನು ನಾನು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಮನೆಯಲ್ಲಿ ತಾಲೀಮು ಮಾಡುವಾಗಲೇ ಬಿಟ್ಟಿದ್ದೆ. ಅವಳ ಸತ್ತವರನ್ನು ನಗುವಿಗೆ ಕೊಟ್ಟು ನಮ್ಮದನ್ನು ಜೇಬಿನಲ್ಲಿ ಇಟ್ಟುಕೊಂಡೆ. ಮಾಡುತ್ತಿರುವುದೇನೆಂದು ನನಗೆ ಮೊದಲೇ ಗೊತ್ತಿತ್ತು, ರತ್ನಾ. ನಾಳೆ ಗುರುವಾರ, ಕಸದ ಗಾಡಿ ಬರುವ ದಿನ. ಬೆಳಿಗ್ಗೆ ಏಳಕ್ಕೆ ಬ್ರೈಡಿ ಡಬ್ಬಿ ತಳ್ಳಿಕೊಂಡು ರಸ್ತೆಗೆ ಬರುತ್ತಾಳೆ. ನಾನು ಅವಳ ಗೇಟಿನ ಹತ್ತಿರ ನಿಂತಿರುತ್ತೇನೆ, ಮತ್ತು ಕ್ಷಮೆ ಕೇಳುವುದಕ್ಕೂ ಮೊದಲು, ಬಿಟ್ಟ ಆ ಹೆಸರು ಹೇಳುತ್ತೇನೆ.