ಏಣಿ ಹಾಡು ಮುಗಿಯುವಷ್ಟರಲ್ಲಿ

ಮಾರ್ಚ್ ೧೦, ಭಾನುವಾರ ಮಧ್ಯಾಹ್ನ

ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡಿರುವ ನನ್ನ ಮಗಳಿಗೆ,

ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನೀನು, ಅಳಿಯಂದಿರು, ನಮ್ಮ ಬೆಣ್ಣೆಮುದ್ದೆ ಮೂವರೂ ಚೆನ್ನಾಗಿದ್ದೀರೆಂದು ಅಂದುಕೊಂಡಿದ್ದೇನೆ. ಕೇಳೋಣವೆಂದರೆ ನೀನು ಫೋನು ಎತ್ತುವುದಿಲ್ಲ. ಈ ಕಾಗದ ತಡವಾಯಿತು, ಕ್ಷಮಿಸು. ಹೀಗೆ ಮುಂದೂಡುವ ಚಾಳಿಗೆ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು 'ಪ್ರೊಕ್ರಾಸ್ಟಿ...' ಏನೋ ಒಂದು ಉದ್ದನೆಯ ಪದ ಹೇಳುತ್ತಿದ್ದರು. ಆ ಪದ ಕಲಿಯುವುದನ್ನೂ ಮುಂದೂಡಿಬಿಟ್ಟೆ.

ಅಮ್ಮ ಈಗ ಇಲ್ಲದಿದ್ದರೂ ಅವಳ ಹುಟ್ಟಿದ ದಿನಕ್ಕೆಂದು ನೀನು ನಿಮ್ಮ ಕಟ್ಟಡದ ಹಾಲ್‌ನಲ್ಲಿ ಅವಳ ಮೆಚ್ಚಿನ ಸಿನಿಮಾ ತೋರಿಸಿದೆ. ನಿನ್ನ ಮನಸ್ಸು ಒಳ್ಳೆಯದೇ. ಆದರೆ ನನಗೆ ಮೊದಲಿನಿಂದಲೇ ವಾಕರಿಕೆ. ಬಂದವರ ತಲೆಗೆಲ್ಲ ಬಣ್ಣ ಚೆಲ್ಲಿದ ಟೋಪಿ. ಏಣಿಯ ಆಕಾರದ ಕೇಕು, ಅದರ ಮೇಲೆ ಹಳದಿ ಹಸಿರು ಕ್ರೀಮು ಬೆವರುತ್ತಿತ್ತು. ಜನ ಅದನ್ನು ಬೆರಳಲ್ಲೇ ಬಳಿದು ನೆಕ್ಕಿ, ಅದೇ ಕೈಯಲ್ಲಿ ನನ್ನ ಕೈ ಕುಲುಕಿ, "ಎಂಥಾ ಖುಷಿ ಹೆಂಗಸು ಕಣ್ರೀ ನಿಮ್ಮೋರು" ಎಂದರು. ಅಳಿಯಂದಿರು ಮೈಕು ಹಿಡಿದು, "ಏಣಿ ಹಾಡು ಬರ್ತಿದೆ, ಎಲ್ರೂ ದನಿ ಸೇರಿಸ್ಬೇಕು" ಎಂದರು. ನೀನು ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದೆ.

ಹಾಡು ಶುರುವಾಯಿತು. ನಾನು ಮಗುವನ್ನು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರ ಮಡಿಲಿಗೆ ತಳ್ಳಿ ಹೊರಗೆ ಓಡಿದೆ. ವಾಶ್‌ಬೇಸಿನ್ನಿನಲ್ಲಿ ಎಲ್ಲ ಕಕ್ಕಿದೆ. ಹಿಂದೆಯೇ ಬಂದ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಪ್ಪಾ, ಮಗು ಕಂಡ್ರೆ ನಿಂಗೆ ಅಷ್ಟು ಅಸಹ್ಯಾನಾ? ಹುಟ್ಟಿದಾಗಿಂದ ನೋಡ್ತಿದೀನಿ. ಎತ್ಕೊಂಡ ತಕ್ಷಣ ಬಿಸಿ ಪಾತ್ರೆ ಥರ ಇಳಿಸಿಬಿಡ್ತೀಯ."

ನಾನು ಕೇಕಿನ ಮೇಲೆ ತಪ್ಪು ಹೊರಿಸಿ ಮನೆಗೆ ಬಂದೆ. ತಪ್ಪು ಕೇಕಿನದಲ್ಲ. ಮಗುವಿನದಂತೂ ಅಲ್ಲವೇ ಅಲ್ಲ.

ಆ ಸಿನಿಮಾ ಕಸ ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದೆ, ಈಗಲೂ ಹೇಳುತ್ತೇನೆ. ಬಣ್ಣ ಬಳಿಯುವವನೊಬ್ಬ ಏಣಿ ಹತ್ತಿ ಹಾಡುತ್ತಾನೆ. ಬೀದಿಗೆ ಬೀದಿಯೇ ಏಣಿ ಹತ್ತುತ್ತದೆ. ಹಾಡು ಮುಗಿಯುವಷ್ಟರಲ್ಲಿ ಜಗಳಗಂಟ ಮನೆಮಾಲೀಕನೂ ಹಸುವಿನಂತಾಗಿರುತ್ತಾನೆ. ಇಡೀ ಸಿನಿಮಾದಲ್ಲಿ ಒಬ್ಬರಿಗೂ ನೆಗಡಿಯಾಗುವುದಿಲ್ಲ. ಒಬ್ಬರ ಅಂಗಿಯ ಮೇಲೂ ಒಂದು ತೊಟ್ಟು ಬಣ್ಣ ಬೀಳುವುದಿಲ್ಲ. "ಸೆಂಟಿಮೆಂಟಲ್ ಹಂಬಗ್" ಎಂದು ನಾನು ಮೂಗು ಮುರಿದರೆ ನಿನ್ನಮ್ಮ, "ನಿಮ್ಮ ಮುಖಕ್ಕೂ ಒಂದು ಕೈ ಬಣ್ಣ ಬಳೀಬೇಕು, ಬಿರುಕು ಬಿಟ್ಟಿದೆ" ಅನ್ನುತ್ತಿದ್ದಳು.

ಟು ಕಟ್ ದ ಲಾಂಗ್ ಸ್ಟೋರಿ, ಅಥವಾ ಶಾರ್ಟ್ ಸ್ಟೋರಿ, ಅವಳು ಬಿದ್ದು ಸೊಂಟ ಮುರಿದುಕೊಂಡಾಗ ನೀನು ಬಸುರಿ. ಅಲುಗಾಡಬಾರದೆಂದು ನಿನ್ನ ಡಾಕ್ಟರು ಮಂಚಕ್ಕೇ ಕಟ್ಟಿಹಾಕಿದ್ದರು. "ಮೂಳೆ ಕೂಡ್ತಿದೆ" ಎಂದು ನಿನಗೆ ಹೇಳುತ್ತಾ ಬಂದೆವು. ಮೂಳೆ ಕೂಡುತ್ತಲೂ ಇತ್ತು. ಮಲಗಿದಲ್ಲೇ ಮಲಗಿ ಬೆನ್ನ ಕೆಳಗೆ ಹುಣ್ಣಾಗಿದ್ದನ್ನು ಮಾತ್ರ ಹೇಳಲಿಲ್ಲ. ನನ್ನ ಮುಷ್ಟಿ ಹಿಡಿಸುವಷ್ಟು ದೊಡ್ಡದು. ಅದರ ವಾಸನೆ ಪರದೆಗೆ, ದಿಂಬಿಗೆ, ನಾನು ಕುಡಿಯುವ ಟೀಗೆ ಕೂಡ ಹತ್ತಿಕೊಂಡಿತ್ತು.

ನರ್ಸಕ್ಕ ದಿನವೂ ಬಂದು ಹುಣ್ಣು ತೊಳೆದು ಅದಕ್ಕೆ ಕಟ್ಟಿದ ಬಟ್ಟೆ ಬದಲಿಸುತ್ತಿದ್ದಳು. ಮೊದಲ ದಿನ ನಿನ್ನಮ್ಮ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಮರುದಿನ ಅವಳೇ, "ಆ ಸಿನಿಮಾ ಹಾಕ್ರೀ, ಏಣಿ ಹಾಡಿಂದ" ಎಂದಳು.

ನರ್ಸಕ್ಕ, "ಹಾಡು ಮುಗಿಯೋದ್ರೊಳಗೆ ನಾನೂ ಮುಗಿಸ್ತೀನಿ. ಯಾರು ಗೆಲ್ತಾರೋ ನೋಡೇಬಿಡೋಣ" ಎಂದಳು.

"ಗೆದ್ರೆ ಹೀರೋನ ನೀನೇ ಇಟ್ಕೋ" ಎಂದಳು ನಿನ್ನಮ್ಮ.

ಅವಳನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನ ಕಡೆ ನಿಂತು ಅಲುಗದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ. ಅವಳ ಮುಖ ಟೀವಿಗೆ, ನನ್ನ ಮುಖ ಹುಣ್ಣಿಗೆ. ದಿನವೂ ಅದೇ ಹಾಡು. ಅವಳು ಏಣಿ ನೋಡಿದಳು, ನಾನು ಅದನ್ನು ನೋಡಿದೆ. ಅವಳು ಹಾಡಿನ ಜೊತೆ ಗುನುಗುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಕೀವು ತುಂಬಿದ ಬಟ್ಟೆ ತಟ್ಟೆಗೆ ಬೀಳುವಾಗ ಕೊಳಲು ಬರುತ್ತದೆ. ಕೊಳಲು ಕೇಳಿದರೆ ಇವತ್ತಿಗೂ ನನ್ನ ಮೂಗಿಗೆ ಆ ವಾಸನೆ ಬಡಿಯುತ್ತದೆ. ನಾನೇನು ಮಾಡಲಿ ಹೇಳು.

ಆದರೂ ನಿಜ ನುಡಿಯುತ್ತೇನೆ, ಗುಳಿಗೆ ಮಾಡದ್ದನ್ನು ಆ ಕಸ ಮಾಡಿತು. ಎಲ್ಲ ಮುಗಿದು ಹಾಸಿಗೆ ಸರಿಮಾಡಿದ ಮೇಲೆ ಅವಳು ಟೀಗೆ ಬಿಸ್ಕತ್ತು ಅದ್ದಿಕೊಂಡು ಉಳಿದ ಸಿನಿಮಾ ನೋಡುತ್ತಾ, ನಾಯಕಿಯ ಜಡೆ ಸುಳ್ಳು ಜಡೆ ಎಂದು ನರ್ಸಕ್ಕನ ಜೊತೆ ವಾದಕ್ಕಿಳಿಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ನಿಜಕ್ಕೂ ಖುಷಿಯಾಗಿದ್ದಳು. ನಿನ್ನ ಅತಿಥಿಗಳು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನನಗೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಗು ಹಾಲುಗಲ್ಲದ ಹುಡುಗಿ, ಅವಳಿಂದ ಬರುವುದು ಪೌಡರಿನ ವಾಸನೆ. ಅವಳನ್ನು ಕಂಡರೆ ನನಗೆ ಅಸಹ್ಯವಿಲ್ಲ, ಆಸೆಯಿದೆ. ಅವಳನ್ನು ನನ್ನ ಕೈಗೆ ಕೊಡುವಾಗೆಲ್ಲ ನೀನು ಆ ಹಾಡನ್ನೇ ಗುನುಗುತ್ತೀಯ, ನಿನಗೇ ಗೊತ್ತಿಲ್ಲದಂತೆ. ಅಷ್ಟೇ ವಿಷಯ.

ಒಂದು ದಿನ ಬರಲೇ? ಬೇಡವೆಂದರೂ ಬರುತ್ತೇನೆ, ನನಗೆ ಮಾನ ಮರ್ಯಾದೆ ಕಮ್ಮಿ. ಅಳಿಯಂದಿರಿಗೆ ಮೈಕು ಕಮ್ಮಿಮಾಡಲು ಹೇಳು. ಮಗುವಿನ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಮನಸ್ಸು ತಣ್ಣಗಿರಲಿ.

ಇಂತಿ, ಬಿರುಕು ಬಿಟ್ಟ ಮುಖದ
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಗುವನ್ನು ಮಲಗಿಸಲು ನಿನ್ನ ಫೋನಿನಿಂದ ಅಮ್ಮನ ದನಿ ಹಾಕುತ್ತೀಯಲ್ಲ, ಅವಳು ಫೋನಿನಲ್ಲಿ ನಿನಗೆ ಏಣಿ ಹಾಡು ಹೇಳಿದ್ದು, ನೀನು ರೆಕಾರ್ಡ್ ಮಾಡಿಟ್ಟುಕೊಂಡದ್ದು. ಅಂದು ನೀನು ನಿದ್ದೆಯೇ ಬರುತ್ತಿಲ್ಲವೆಂದು ಫೋನು ಮಾಡಿದಾಗ ಹುಣ್ಣು ತೊಳೆಯುತ್ತಿದ್ದರು. ನರ್ಸಕ್ಕ ಕೈ ನಿಲ್ಲಿಸಿದಳು. ನಿನ್ನಮ್ಮ ಅವಳಿಗೆ ಮುಂದುವರಿಸೆಂದು ಸನ್ನೆ ಮಾಡಿ, ಫೋನನ್ನು ಬಾಯಿಯ ಹತ್ತಿರ ಹಿಡಿಯಲು ನನಗೆ ಹೇಳಿದಳು. ಎರಡನೆಯ ಸಾಲಿನಲ್ಲಿ ದನಿ ಒಡೆಯುತ್ತದೆ. ಅಮ್ಮ ನಕ್ಕಿದ್ದು ಎಂದು ನೀನು ಎಲ್ಲರಿಗೂ ಕೇಳಿಸುತ್ತೀಯ. ಅದು ನಗುವಲ್ಲ, ಮಗಳೇ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತೆಂದು ಮರುದಿನ ನೀನು ನನಗೆ ಹೇಳಿದೆ. ಅವಳು ಅದನ್ನು ಮೂರು ಸಲ ನನ್ನಿಂದ ಹೇಳಿಸಿಕೊಂಡಳು. ಈಗ ಮಗುವೂ ಅದನ್ನು ಕೇಳಿಯೇ ಮಲಗುತ್ತಾಳೆ. ಫೋನಿನಿಂದ ಅದನ್ನು ಅಳಿಸಬೇಡ. ನಾನು ಬಂದಾಗ ಮಾತ್ರ ಕೋಣೆಯ ಬಾಗಿಲು ಹಾಕಿಕೋ.