ಒಂದು ನಿಮಿಷದ ನಗು ಮತ್ತು ನಮ್ಮ ಚಿಕ್ಕಮ್ಮನಿಗೆ ಬಂದ ನೋಟಿಸು

ಗಣ್ಯರ ಸ್ಮರಣಾ ವಿಭಾಗದ ಮಾನ್ಯ ನಿರ್ದೇಶಕರೇ,

ನಗುವಿನ ಮಹಾರಾಣಿ ಎಂದೇ ಹೆಸರಾಗಿದ್ದ ದಿವಂಗತ ನಟಿಯ ಸಂತಾಪ ಸಭೆಯಲ್ಲಿ ನಕ್ಕ ಅಪರಾಧಕ್ಕಾಗಿ ತಾವು ಕಳಿಸಿದ ನೋಟಿಸು ನಮ್ಮ ಚಿಕ್ಕಮ್ಮನ ಕೈ ಸೇರಿದೆ. ಹದಿನೈದು ದಿನದೊಳಗೆ ಲಿಖಿತ ಕ್ಷಮಾಪಣೆ ಕೊಡಬೇಕು, ಜೊತೆಗೆ "ಇನ್ನು ಮುಂದೆ ಯಾವುದೇ ಸಾರ್ವಜನಿಕ ಸ್ಥಳದಲ್ಲಿ ದಿವಂಗತರ ಶೈಲಿಯಲ್ಲಿ ನಗುವುದಿಲ್ಲ" ಎಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು ಎಂದು ಅಪ್ಪಣೆ ಮಾಡಿದ್ದೀರಿ. ಹನ್ನೊಂದು ದಿನ ಕಳೆದವು. ಎಪ್ಪತ್ತೊಂದು ವರ್ಷದ ಚಿಕ್ಕಮ್ಮ ಕ್ಷಮೆಯನ್ನೂ ಕೇಳಿಲ್ಲ, ಮುಚ್ಚಳಿಕೆಯನ್ನೂ ಬರೆದಿಲ್ಲ, ಆದರೆ ನಗುವುದನ್ನು ನಿಲ್ಲಿಸಿಬಿಟ್ಟಿದ್ದಾಳೆ. ನಾನು ಅವಳ ಅಕ್ಕನ ಮಗ. ನನ್ನದು ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಈಗ ಕಾಣಿಸ್ತಿದೆಯಾ? ಈಗ?" ಎಂದು ಕೇಳುವುದೇ ನನ್ನ ಉದ್ಯೋಗ. ಅದೇ ಪ್ರಶ್ನೆಯನ್ನು ತಮಗೂ ಕೇಳೋಣವೆಂದು ಈ ಪತ್ರ.

ಮೊದಲು ತಮ್ಮನ್ನು ಹೊಗಳಿಬಿಡುತ್ತೇನೆ, ಆಮೇಲೆ ಪುರುಸೊತ್ತು ಸಿಗುತ್ತದೋ ಇಲ್ಲವೋ. ಈ ವರ್ಷ ಗಣ್ಯರು ಯಾಕೋ ಸಾಲು ಹಿಡಿದು ಹೊರಟುಬಿಟ್ಟರು. ಒಬ್ಬರ ಫೋಟೊದ ಮುಂದಿನ ಹೂವು ಬಾಡುವ ಮೊದಲೇ ಇನ್ನೊಬ್ಬರ ಫೋಟೊ ಬಂದು ಕೂರುತ್ತಿತ್ತು. ಬೇರೆ ಅಧಿಕಾರಿಯಾಗಿದ್ದರೆ ಎಲ್ಲರಿಗೂ ಒಂದೇ ಅಳತೆಯ ಮೌನ ಹೊಲಿಸಿ ಕೈತೊಳೆದುಕೊಳ್ಳುತ್ತಿದ್ದರು. ತಾವು ಹಾಗಲ್ಲ. ಮೌನ ಹಳೆಯದಾಯಿತು, ಸತ್ತವರು ಬದುಕಿದ್ದ ರೀತಿಯಲ್ಲೇ ಅವರನ್ನು ಒಂದು ನಿಮಿಷ ನೆನೆಯಬೇಕು ಎಂದು ಸುತ್ತೋಲೆ ಹೊರಡಿಸಿದಿರಿ. ಫುಟ್‌ಬಾಲ್ ರೆಫರಿ ತೀರಿಕೊಂಡಾಗ ಒಂದು ನಿಮಿಷ ಸೀಟಿ ಊದಿಸಿದಿರಿ. ಸಭಾಂಗಣದ ಸೂರಿನಲ್ಲಿದ್ದ ಪಾರಿವಾಳಗಳು ಆವತ್ತು ಹೋದವು, ಇನ್ನೂ ವಾಪಸು ಬಂದಿಲ್ಲ. ಓಟಗಾರ ತೀರಿಕೊಂಡಾಗ ವೇದಿಕೆಯ ಮೇಲಿದ್ದವರೆಲ್ಲ ನಿಂತಲ್ಲೇ ಒಂದು ನಿಮಿಷ ಓಡಿದರು. ಮೂವತ್ತನೇ ಸೆಕೆಂಡಿಗೆ ಸಂಸ್ಕೃತಿ ಸಚಿವರು ಕುರ್ಚಿ ಹಿಡಿದುಕೊಂಡು ಬಾಯಲ್ಲಿ ಉಸಿರು ಬಿಡತೊಡಗಿದಾಗ, ಮುಂದಿನ ಸಭೆಗೂ ಇವತ್ತೇ ಹಾಲ್ ಕಾದಿರಿಸುವುದೋ ಏನೋ ಎಂದು ತಮ್ಮ ಸಿಬ್ಬಂದಿ ಮುಖ ಮುಖ ನೋಡಿಕೊಂಡರು. ಹವಾಮಾನ ವರದಿ ಓದುತ್ತಿದ್ದವರು ತೀರಿಕೊಂಡಾಗ ಅವರ ಕೊನೆಯ ವರದಿಯನ್ನೇ ಹಾಕಿಸಿದಿರಿ. ಒಣಹವೆ ಎಂದರಲ್ಲ ಎಂದು ಧೈರ್ಯವಾಗಿ ಹೊರಟ ನಾವೆಲ್ಲ ತೊಯ್ದು ತೊಪ್ಪೆಯಾಗಿ ಮನೆ ಸೇರಿದೆವು. ದಾರಿಯುದ್ದಕ್ಕೂ ಜನ ಅವರ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದರು. ಗೇಲಿ ಮಾಡುತ್ತಿಲ್ಲ ಸ್ವಾಮಿ, ನನಗೆ ಇದು ನಿಜಕ್ಕೂ ಹಿಡಿಸಿತ್ತು.

ಹೀಗಾಗಿ ನಗುವಿನ ಮಹಾರಾಣಿಗೆ ಒಂದು ನಿಮಿಷದ ನಗು ಎಂದು ಪ್ರಕಟವಾದಾಗ ನಾನೇ ಅಂಗಡಿ ಬಾಗಿಲು ಹಾಕಿ ಚಿಕ್ಕಮ್ಮನನ್ನು ಕರೆದುಕೊಂಡು ಬಂದೆ. ಆಹ್ವಾನ ಪತ್ರಿಕೆಯ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸೂಚನೆಯಿತ್ತು: "ಸಭಿಕರು ಎದ್ದು ನಿಂತು ನಗುವನ್ನು ಗಾಂಭೀರ್ಯದಿಂದ ಆಲಿಸತಕ್ಕದ್ದು." ಇದನ್ನು ಬರೆದ ಗುಮಾಸ್ತರು ಯಾರೋ, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ನಲವತ್ತು ವರ್ಷ ಒಂದು ಇಡೀ ಸೀಮೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವರ ನಗುವನ್ನು ಕೇಳಿಸಿಕೊಂಡು ನಗಬಾರದಂತೆ! ಊಟಕ್ಕೆ ಕರೆದು ಬಾಯಿಗೆ ಪಟ್ಟಿ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ತಾವು ಹಾಕಿಸಿದ್ದು ನ್ಯಾಯಾಲಯದ ದೃಶ್ಯದ ಪ್ರಸಿದ್ಧ ನಗು. ಕಟಕಟೆಯಲ್ಲಿ ನಿಂತ ನಾಯಕಿ ತನ್ನ ಮೇಲಿನ ಆರೋಪಪಟ್ಟಿ ಕೇಳಿ ಮೊದಲು ತಡೆದುಕೊಂಡು, ಆಮೇಲೆ ಸಣ್ಣಗೆ ಶುರುಮಾಡಿ, ಕೊನೆಗೆ ನ್ಯಾಯಾಧೀಶರನ್ನೂ ಸೇರಿಸಿಕೊಂಡು ನಗುವ ಆ ನಗು ಯಾರಿಗೆ ಗೊತ್ತಿಲ್ಲ? ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಆಲಿಸಿದರು. ನಲವತ್ತನೇ ಸೆಕೆಂಡಿನ ಹತ್ತಿರ ಆ ನಗುವಿನ ಹಿಂದೆ "ಟಪ್" ಎಂದು ಒಂದು ಸದ್ದು ಬರುತ್ತದಲ್ಲ, ಅದನ್ನು ತಮ್ಮ ಸ್ಮರಣ ಸಂಚಿಕೆಯ ವಿದ್ವಾಂಸರು "ನಗುವಿನ ನಡುವೆ ಕೇಳಿಸುವ ಕಲಾವಿದೆಯ ಎದೆಬಡಿತ" ಎಂದು ಬಣ್ಣಿಸಿದ್ದಾರೆ. ಆ ಎದೆಬಡಿತ ಬಂದದ್ದೇ ತಡ, ಮೂರನೇ ಸಾಲಿನಲ್ಲಿದ್ದ ಚಿಕ್ಕಮ್ಮ ನಕ್ಕಳು. ಮೊದಲು ತಡೆದುಕೊಂಡಳು, ಆಮೇಲೆ ಸಣ್ಣಗೆ ಶುರುಮಾಡಿದಳು, ಆಮೇಲೆ ಕೇಳಬೇಡಿ, ನಿಲ್ಲಲಾರದೆ ಕುರ್ಚಿಗೇ ಕುಸಿದಳು. ಯಂತ್ರ ಕೆಟ್ಟು ಎರಡೆರಡು ಸಲ ಬರುತ್ತಿದೆಯೆಂದು ಧ್ವನಿವರ್ಧಕದವನು ಸ್ವಿಚ್ಚು ಆರಿಸಿದ. ಯಂತ್ರ ನಿಂತಿತು, ನಗು ನಿಲ್ಲಲಿಲ್ಲ. ಇಡೀ ಸಭೆ ಫೋಟೊದ ಕಡೆ ನೋಡಿತು. ಹಿಂದಿನ ಸಾಲಿನ ಹೆಂಗಸೊಬ್ಬರು "ಅಯ್ಯೋ ದೇವರೇ, ಬಂದೇಬಿಟ್ರು" ಎಂದು ಪಕ್ಕದವರ ಕೈ ಹಿಡಿದುಕೊಂಡರು.

ಮೈಕಿನಲ್ಲಿ ತಾವೇ ಹೇಳಿದಿರಿ, "ಯಾರಮ್ಮ ಅದು? ಮಿಮಿಕ್ರಿ ಮಾಡೋ ಜಾಗಾನಾ ಇದು?"

ಬಿಳಿ ಕೈಗವಸಿನ ಇಬ್ಬರು ಸಿಬ್ಬಂದಿ ಬಂದರು. "ಏಳಿ ಅಮ್ಮಾ, ಹೊರಗೆ ಬನ್ನಿ. ವಯಸ್ಸಾಗಿದೆ, ಅಷ್ಟೂ ಗೊತ್ತಾಗಲ್ವಾ?"

ಬಾಗಿಲ ಹತ್ತಿರ ತಮ್ಮನ್ನು ಕಂಡಾಗ ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು, "ತಪ್ಪು ತಿಳ್ಕೋಬೇಡಿ ಸಾರ್. ಆ ನಗು ನಂದೇ."

ತಾವು ಏನೆಂದಿರಿ ನೆನಪಿದೆಯೇ? "ಎಲ್ಲಾ ಅಭಿಮಾನಿಗಳೂ ಹಾಗೇ ಅಂದ್ಕೋತಾರೆ ತಾಯಿ."

ಈಗ ನಿಜ ಹೇಳುತ್ತೇನೆ. ಚಿಕ್ಕಮ್ಮ ನಲವತ್ತೊಂದು ವರ್ಷ ಕಾಪಾಡಿದ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಒಡೆಯುತ್ತಿದ್ದೇನೆ, ಪಾಪ ಬಂದರೆ ಅರ್ಧ ತಮಗೆ. ದಿವಂಗತ ನಟಿಗೆ ನಕ್ಕರೆ ಸದ್ದೇ ಬರುತ್ತಿರಲಿಲ್ಲ. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಟೊಮೆಟೊ ಆಗುತ್ತಿತ್ತು, ಗಂಟಲಿನಿಂದ ಮಾತ್ರ ಗಾಳಿಯೂ ಹೊರಡುತ್ತಿರಲಿಲ್ಲ. ಮಾತೆಲ್ಲ ಅವರದೇ, ಅಳುವೂ ಅವರದೇ, ನಗು ಮಾತ್ರ ನಮ್ಮ ಚಿಕ್ಕಮ್ಮನದು. ಅವಳು ಡಬ್ಬಿಂಗ್ ಕೋಣೆಯಲ್ಲಿ ಕತ್ತಲಲ್ಲಿ ನಿಂತು, ಪರದೆಯ ಮೇಲೆ ನಟಿಯ ಬಾಯಿ ತೆರೆದಾಗ ತಾನು ನಗುತ್ತಿದ್ದಳು. ಚಿತ್ರದ ಕೊನೆಯಲ್ಲಿ ಚಹಾ ಕೊಟ್ಟವರ ಹೆಸರು ಬಂದರೂ ಇವಳ ಹೆಸರು ಬರುತ್ತಿರಲಿಲ್ಲ. ಅದು ಒಪ್ಪಂದ.

ಆದರೆ ಚಿಕ್ಕಮ್ಮನಿಗೊಂದು ಕಾಯಿಲೆ. ಯಾರಾದರೂ ನಗು ಎಂದರೆ ನಗು ಬಾರದು. ನ್ಯಾಯಾಲಯದ ಆ ದೃಶ್ಯಕ್ಕೆ ಹದಿನೇಳು ಸಲ ಪ್ರಯತ್ನಿಸಿದರೂ ಕೆಮ್ಮಿನಂಥದ್ದೇನೋ ಬಂತಂತೆ. ಧ್ವನಿಮುದ್ರಕರಿಗೆ ರೇಗಿಹೋಯಿತು. ಅವರೊಬ್ಬ ಮಹಾ ಗಂಭೀರ ಮನುಷ್ಯ, ತಲೆಯ ಮೇಲಿದ್ದದ್ದು ವಿಗ್ ಎಂದು ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತಿರುವುದು ಅವರೊಬ್ಬರಿಗೆ ಗೊತ್ತಿಲ್ಲ. ಸುದ್ದಿ ಕೇಳಿದ ನಟಿ ಪಕ್ಕದ ಸೆಟ್ಟಿನಿಂದ ರಾಣಿಯ ವೇಷದಲ್ಲೇ, ಬಣ್ಣ ಕಿರೀಟ ಸಮೇತ ಬಂದರು. ಗಾಜಿನಾಚೆ ಧ್ವನಿಮುದ್ರಕರ ಬೆನ್ನ ಹಿಂದೆ ನಿಂತರು. ಹದಿನೆಂಟನೇ ಸಲ ಕೆಂಪು ದೀಪ ಹತ್ತಿದಾಗ ಅವರ ತಲೆಯ ಮೇಲಿನ ವಿಗ್ಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ತಮ್ಮ ಕಿರೀಟದ ಮೇಲೆ ಇಟ್ಟುಕೊಂಡು, ನ್ಯಾಯಾಧೀಶರ ಹಾಗೆ ಗತ್ತಿನಿಂದ ಚಿಕ್ಕಮ್ಮನ ಕಡೆ ತಲೆಯಾಡಿಸಿದರು. ಆಮೇಲೆ ಬಂದದ್ದೇ ತಾವು ಮೊನ್ನೆ ಎದ್ದು ನಿಂತು ಗಾಂಭೀರ್ಯದಿಂದ ಆಲಿಸಿದ್ದು. ನಲವತ್ತನೇ ಸೆಕೆಂಡಿಗೆ ಧ್ವನಿಮುದ್ರಕರು ತಲೆ ಮುಟ್ಟಿ ನೋಡಿಕೊಂಡು ಧಡಾರನೆ ಎದ್ದರು, ಕುರ್ಚಿ ಹಿಂದಕ್ಕೆ ಬಿತ್ತು, ಆ ಸದ್ದು ಗಾಜು ದಾಟಿ ಮೈಕಿಗೆ ಸಿಕ್ಕಿತು. ಅದೇ ಸ್ವಾಮಿ ತಮ್ಮ ವಿದ್ವಾಂಸರ ಎದೆಬಡಿತ.

ಈಗ ಹೇಳಿ, ಆ ನಗು ಯಾರದು? ಗಂಟಲು ಚಿಕ್ಕಮ್ಮನದು, ಮುಖ ನಟಿಯದು, ಕಾರಣ ಧ್ವನಿಮುದ್ರಕರ ಬೋಳುತಲೆಯದು. ಸತ್ತವರ ಕೀರ್ತಿಯಲ್ಲಿ ಪಾಲು ಕೇಳಲು ನಾನು ಬಂದಿಲ್ಲ. ಹಾಗೆ ಕೇಳಿದರೆ ಚಿಕ್ಕಮ್ಮನೇ ನನ್ನ ಕಿವಿ ಹಿಂಡುತ್ತಾಳೆ. ನಾನು ಕೇಳುವುದು ಇಷ್ಟೇ: ಆ ಸಭೆಯಲ್ಲಿ ಭಾಷಣ ಮಾಡಿದ ಹದಿಮೂರು ಜನರಲ್ಲಿ ಸತ್ತವರನ್ನು ನಿಜವಾಗಿ ಕಣ್ಣೆದುರಿಗೆ ಕಂಡವರು ಯಾರು? ಒಬ್ಬರು ತಮ್ಮ ಪುಸ್ತಕ ಬಿಡುಗಡೆಗೆ ನಟಿ ಬಂದದ್ದನ್ನು ನೆನೆದರು, ಅದರಲ್ಲಿ ಪುಸ್ತಕದ್ದೇ ಮುಕ್ಕಾಲು ಪಾಲು. ಇನ್ನೊಬ್ಬರು ಹಳೆಯ ಸಭೆಯ ಭಾಷಣದ ಚೀಟಿಯನ್ನೇ ಜೇಬಿನಿಂದ ತೆಗೆದು, ನಟಿ ಮೈದಾನದಲ್ಲಿ ಎಂದೂ ಪಕ್ಷಪಾತ ಮಾಡಲಿಲ್ಲ ಎಂದು ಕಣ್ಣೀರಿಟ್ಟರು. ಅವರಿಗೆ ನೋಟಿಸು ಹೋಗಿದೆಯೇ? ಆವತ್ತು ಆ ಹಾಲಿನಲ್ಲಿ ಸತ್ತವರ ಮುಖ, ಕಿರೀಟ, ವಿಗ್ಗು ಸಮೇತ, ಕಂಡದ್ದು ಒಬ್ಬಳಿಗೇ. ಕಂಡವಳನ್ನು ಹೊರಗೆ ಹಾಕಿ ಕಾಣದವರಿಗೆಲ್ಲ ನೆನಪಿನ ಕಾಣಿಕೆ ಕೊಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಸರ್ಕಾರಿ ಖರ್ಚಿನಲ್ಲಿ ಆಡಿ ತೋರಿಸಿದ ಹಾಗಾಯಿತು.

ಈಗ ನನ್ನ ಅಂಗಡಿಯ ಸ್ಥಿತಿ ಕೇಳಿ. ದಿನಾ ಬೆಳಿಗ್ಗೆ ಹತ್ತಕ್ಕೆ ಚಿಕ್ಕಮ್ಮ ಬಂದು ಕನ್ನಡಿಯ ಪಕ್ಕದ ಸ್ಟೂಲಿನ ಮೇಲೆ ಕೂರುವುದು ವಾಡಿಕೆ. ಗಿರಾಕಿ ತಪ್ಪು ಫ್ರೇಮು ಹಾಕಿಕೊಂಡರೆ ಅವಳು ನಗುತ್ತಿದ್ದಳು, ಅವರೂ ಕನ್ನಡಿ ನೋಡಿ ನಗುತ್ತಿದ್ದರು, ಬೇರೆ ಹಾಕಿಕೊಳ್ಳುತ್ತಿದ್ದರು. ಕಡ್ಡಿಯೂ ಬರುತ್ತಿದ್ದರು. ಕಡ್ಡಿ ಎಂದರೆ ಚಿಕ್ಕಮ್ಮ ಆ ನಟಿಗೆ ಇಟ್ಟ ಹೆಸರು. ತಿಂಗಳಿಗೊಮ್ಮೆ ತಲೆಗೆ ವಸ್ತ್ರ ಸುತ್ತಿಕೊಂಡು ಹಿಂಬಾಗಿಲಿನಿಂದ ಬಂದು, ಅಂಗಡಿಯಲ್ಲಿರುವ ಅತ್ಯಂತ ಕೆಟ್ಟ ಫ್ರೇಮುಗಳನ್ನೆಲ್ಲ ಒಂದೊಂದಾಗಿ ಹಾಕಿಕೊಂಡು, ಹಾಕಿಕೊಂಡಂತೆ ಒಬ್ಬೊಬ್ಬ ಮಂತ್ರಿಯಾಗಿ, ಚಿಕ್ಕಮ್ಮನಿಗೆ ಉಸಿರು ಸಿಕ್ಕಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಒಬ್ಬರು ಸದ್ದು ಮಾಡಿ ನಗುವುದು, ಇನ್ನೊಬ್ಬರು ಸದ್ದಿಲ್ಲದೆ. ಅವರಿಬ್ಬರನ್ನು ನೋಡುತ್ತಾ ನಾನು ಎಷ್ಟು ಜನರಿಗೆ ತಪ್ಪು ಪವರಿನ ಗಾಜು ಕೂರಿಸಿದೆನೋ ಲೆಕ್ಕವಿಲ್ಲ.

ಮೊನ್ನೆ ಒಬ್ಬ ವಕೀಲರು ದಪ್ಪ ದುಂಡು ಫ್ರೇಮು ಹಾಕಿಕೊಂಡು ಸಾಕ್ಷಾತ್ ಗೂಬೆಯಾಗಿ ತಿರುಗಿದರು. "ಹೇಗಿದೆಯಮ್ಮ?" ಎಂದರು. ಚಿಕ್ಕಮ್ಮ ಗೋಡೆ ನೋಡಿಕೊಂಡು "ಚೆನ್ನಾಗಿದೆ" ಎಂದಳು. ವಕೀಲರು ಅದನ್ನೇ ತೆಗೆದುಕೊಂಡು ಕೋರ್ಟಿಗೆ ಹೋದರು, ಕಕ್ಷಿದಾರನ ಗತಿ ಏನಾಯಿತೋ.

"ಯಾಕೆ ಚಿಕ್ಕಮ್ಮ, ನಗು ಬರಲಿಲ್ವಾ?" ಎಂದು ಕೇಳಿದೆ.

"ಅದು ಈಗ ಸರ್ಕಾರದ್ದಂತೆ ಕಣೋ. ಬಳಸಿ ಹಾಳುಗೀಳು ಮಾಡಿಬಿಟ್ರೆ?"

"ತಮಾಷೆ ಬಿಡು. ಸಹಿ ಮಾಡ್ಬೇಡ, ನಾನು ನೋಡ್ಕೋತೀನಿ."

ಚಿಕ್ಕಮ್ಮ ಕನ್ನಡಕದ ಡಬ್ಬಿಯ ಮುಚ್ಚಳ ತೆಗೆದು ಹಾಕಿದಳು. "ಆವತ್ತು ಸಭೆಯಲ್ಲಿ ಕಡ್ಡಿ ಮತ್ತೆ ಬಂದು ನನ್ನ ನಗಿಸಿದಳು ಕಣೋ. ಪೂರ್ತಿ ನಗೋಕೆ ಬಿಡಲಿಲ್ಲ ಅವರು. ಈಗ ಎಷ್ಟು ಕರೆದರೂ ಬರ್ತಿಲ್ಲ ಅವಳು."

ನಿರ್ದೇಶಕರೇ, ಗೆಳತಿ ಸತ್ತ ದಿನವೂ ಚಿಕ್ಕಮ್ಮ ಹೀಗೆ ಮಾತಾಡಿರಲಿಲ್ಲ. ಆಗ ಅತ್ತಳು, ಅಳುತ್ತಲೇ ವಿಗ್ಗಿನ ಕಥೆ ಹೇಳಿದಳು, ಹೇಳುತ್ತಲೇ ನಕ್ಕಳು, ಊಟ ಮಾಡಿದಳು. ಅವಳಿಗೆ ದುಃಖಪಡುವುದು ಗೊತ್ತಿರುವುದು ಹಾಗೆ ಮಾತ್ರ. ಆ ದಾರಿಯನ್ನೇ ತಾವು ಮುಚ್ಚಿಬಿಟ್ಟಿರಿ. ಸಿಟ್ಟು ಬಂದಿದೆ ನನಗೆ.

ಆದ್ದರಿಂದ ನನ್ನ ಬೇಡಿಕೆ. ನೋಟಿಸನ್ನು ಬೇಷರತ್ತಾಗಿ ಹಿಂತೆಗೆದುಕೊಳ್ಳಿ. "ಗಾಂಭೀರ್ಯದಿಂದ ಆಲಿಸತಕ್ಕದ್ದು" ಎಂಬ ಸಾಲನ್ನು ಆಹ್ವಾನ ಪತ್ರಿಕೆಗಳಿಂದ ಹೊಡೆದುಹಾಕಿ. ಇವೆರಡೂ ಕಾಗದದ ಕೆಲಸ, ತಮಗೆ ನೀರು ಕುಡಿದಷ್ಟು ಸುಲಭ. ಮೂರನೆಯದು ಕಷ್ಟದ್ದು. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಾವೇ ಖುದ್ದಾಗಿ ನನ್ನ ಅಂಗಡಿಗೆ ಬನ್ನಿ, ಗೋಡೆಯ ಮೇಲಿನ ಅತ್ಯಂತ ಕೆಟ್ಟ ಫ್ರೇಮು ಹಾಕಿಕೊಂಡು ನಮ್ಮ ಚಿಕ್ಕಮ್ಮನೆದುರು ಕೂತು, ಅವಳು ನಗುವವರೆಗೆ ಏಳಬೇಡಿ. ನಲವತ್ತೊಂದು ವರ್ಷ ಆ ಕೆಲಸ ಮಾಡಿದವರು ತೀರಿಕೊಂಡಿದ್ದಾರೆ. ಹುದ್ದೆ ಖಾಲಿಯಿದೆ.

ಇಂತಿ,
ಚಿಕ್ಕಮ್ಮನನ್ನು ಎಬ್ಬಿಸಿ ಹೊರಗೆ ಕರೆದೊಯ್ಯುವಾಗ ಪಕ್ಕದಲ್ಲೇ ನಿಂತು, ತನಗೂ ಅವಳಿಗೂ ಸಂಬಂಧವಿಲ್ಲವೆಂಬಂತೆ ಛಾವಣಿಯ ಫ್ಯಾನು ಎಣಿಸುತ್ತಿದ್ದ ಅಕ್ಕನ ಮಗ